ಮಾಲೀಕರ ಮಗಳ ಇಂಗ್ಲಿಷ್ ಪರೀಕ್ಷೆ

ಅರಬ್ ದೇಶದ ಈ ಊರಿನಲ್ಲಿ, ಮೈದಾನ್ ಹವಲ್ಲಿಯ ನಮ್ಮ ಮನೆಯ ಒಲೆ ಉರಿಯುವುದು ರಾಯ್ ಬಡಾವಣೆಯ ಒಂದು ದೀಪದ ಅಂಗಡಿಯಿಂದ. ಅಂಗಡಿ ಚೀನಾದವರದು. ಮಾಲೀಕರಿಗೆ ಬರುವುದು ತಮ್ಮ ಭಾಷೆ, ಕ್ಯಾಲ್ಕುಲೇಟರು ಮತ್ತು ಒಂದು ಹಿಡಿ ಅರಬ್ಬಿ ಶಬ್ದ, ಅಷ್ಟೇ. ಬಾಗಿಲ ಬಳಿಯ ಮೇಜಿನ ಹಿಂದೆ ಕೂತು, ಬಂದ ಗಿರಾಕಿಯ ಜೊತೆ ಅರಬ್ಬಿ, ಹಿಂದಿ, ಇಂಗ್ಲಿಷಿನಲ್ಲಿ ಮಾತಾಡಿ ತೂಗುದೀಪ ಮಾರುವವರು ನಮ್ಮ ಯಜಮಾನರು. ಅವರ ಸಂಬಳವೆಲ್ಲ ಆ ಬಾಯಿಗೆ ಸಿಗುವುದು. ಆ ಸಂಬಳದ ಮೇಲೆ ನನ್ನ ಮತ್ತು ಮಗಳ ಇಕಾಮಾ, ಎಂದರೆ ಈ ದೇಶದಲ್ಲಿ ಇರುವ ಪರವಾನಗಿ, ನಿಂತಿದೆ. ಸಂಬಳ ಇಳಿದರೆ ಇಲ್ಲಿ ಸಂಸಾರ ಇಟ್ಟುಕೊಳ್ಳಲು ಬಿಡುವುದಿಲ್ಲ. ಹೆಂಡತಿ ಮಕ್ಕಳು ಊರಿಗೆ, ಗಂಡ ಬೇರೆ ಒಂಟಿ ಗಂಡಸರ ಜೊತೆ ಹಂಚಿಕೊಂಡ ರೂಮಿಗೆ. ನಮ್ಮ ಕಟ್ಟಡದಲ್ಲಿ ಹಾಗೆ ಖಾಲಿಯಾದ ಮನೆಗಳನ್ನು ನೋಡಿದ್ದೇನೆ. ಹೋಗುವವರು ಕುಕ್ಕರು, ಮಿಕ್ಸಿ, ತುಳಸಿ ಕುಂಡ ಹಿಡಿದುಕೊಂಡು ಬಾಗಿಲು ಬಾಗಿಲಿಗೆ ಬರುತ್ತಾರೆ. ಒಂದು ತುಳಸಿ ನಮ್ಮ ಬಾಲ್ಕನಿಯಲ್ಲಿಯೂ ಇದೆ.

ಒಂದು ಬೇಸಿಗೆಯಲ್ಲಿ ಮಾಲೀಕರು ನನ್ನನ್ನು ಅಂಗಡಿಗೆ ಕರೆಸಿದರು. ಊರಲ್ಲಿ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ ಎಂದು ಯಜಮಾನರು ಯಾವಾಗಲೋ ಜಂಬ ಕೊಚ್ಚಿಕೊಂಡಿದ್ದರಂತೆ. ಮಾಲೀಕರು ಫೋನಿಗೆ ಏನೋ ಹೇಳಿದರು. ಫೋನು ಇಂಗ್ಲಿಷಿನಲ್ಲಿ, ವಿಮಾನದ ಗಗನಸಖಿಯ ದನಿಯಲ್ಲಿ, ನನಗೆ ಹೇಳಿತು: ನನ್ನ ಮಗಳು ರಜೆಗೆ ಬಂದಿದ್ದಾಳೆ. ಅವಳ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪರೀಕ್ಷೆ ಪಾಸಾಗದೆ ಪದವಿ ಕೊಡುವುದಿಲ್ಲ. ಮತ್ತೆ ಮತ್ತೆ ಫೇಲಾಗಿದ್ದಾಳೆ. ದಯವಿಟ್ಟು ಕಲಿಸಿರಿ. ಪಾಸಾದ ಮೇಲೆ ಅವಳು ಇಲ್ಲಿ ಬಾಗಿಲ ಬಳಿಯ ಮೇಜಿನ ಹಿಂದೆ ಕೂರುತ್ತಾಳೆ.

ಯಜಮಾನರು ಅರಬ್ಬಿಯಲ್ಲಿ, ಹಾಗಾದರೆ ನಾನು ಎಲ್ಲಿ, ಎಂದು ಕೇಳಿದರು. ಮಾಲೀಕರು ಹಿಂದಿನ ಗೋದಾಮಿನ ಕಡೆ ಕೈ ತೋರಿಸಿ, "ಝೈನ್?" ಎಂದರು. ಝೈನ್ ಎಂದರೆ ಚೆನ್ನಾಗಿದೆ ಎಂದರ್ಥ. ಅವರಲ್ಲಿ ಕೆಟ್ಟತನವೇನೂ ಇರಲಿಲ್ಲ. ಗೋದಾಮಿನಲ್ಲಿ ಗಿರಾಕಿಗಳ ಕಿರಿಕಿರಿ ಇಲ್ಲ, ಪಾಪ ಈ ಮನುಷ್ಯನಿಗೆ ಆರಾಮ ಎಂದೇ ಅವರು ತಿಳಿದಿದ್ದರೇನೋ. ಆದರೆ ಗೋದಾಮಿನವರ ಸಂಬಳ ಎಷ್ಟೆಂದು ನನಗೆ ಗೊತ್ತಿತ್ತು.

ಇಲ್ಲಿಗೆ ಬಂದ ಕನ್ನಡದವರೆಲ್ಲ ಒಂದು ವಿದ್ಯೆ ಕಲಿತಿರುತ್ತೇವೆ. ಧಣಿಯ ಎದುರಿಗೇ, ಮುಖದ ತುಂಬ ನಗು ಇಟ್ಟುಕೊಂಡು, ನಮ್ಮ ಭಾಷೆಯಲ್ಲಿ ನಮ್ಮ ಗೋಳು ಹೇಳಿಕೊಳ್ಳುವುದು. ಹವಾಮಾನದ ಮಾತು ನಡೆದಿದೆ ಎಂದುಕೊಳ್ಳಬೇಕು ನೋಡಿದವರು. ಅವತ್ತೂ ಯಜಮಾನರು ಹಲ್ಲು ಕಾಣಿಸುವಂತೆ ನಗುತ್ತಾ ನನ್ನ ಕಡೆ ತಿರುಗಿದರು.

"ನನ್ನ ಕುರ್ಚಿ ಕಸಗೊಳ್ಳಾಕ ನಿನ್ನ ಕೈಯಾಗ ಹಗ್ಗ ಕೊಡಾಕತ್ತಾನ ನೋಡು."

"ಹಂಗಾದ್ರ ಒಲ್ಲೆ ಅಂದುಬಿಡ್ಲೇನ್ರಿ?"

"ಒಲ್ಲೆ ಅಂದ್ರ ಕುರ್ಚಿ ಇವತ್ತ ಹೋಕ್ಕೈತಿ. ಹ್ಞೂಂ ಅಂದ್ರ ಮುಂದಿನ ವರ್ಷ. ನಗು, ನಗು, ನೋಡಾಕತ್ತಾನ."

ನಾನೂ ನಕ್ಕು, ಆಗಲಿ ಎಂದು ತಲೆಯಾಡಿಸಿದೆ. ಮಾಲೀಕರಿಗೆ ಬಹಳ ಖುಷಿಯಾಯಿತು. ಅವತ್ತಿನಿಂದ ನನ್ನನ್ನು ಮುದರ್ರಿಸಾ, ಎಂದರೆ ಮೇಷ್ಟ್ರಮ್ಮ, ಎಂದು ಕರೆಯತೊಡಗಿದರು.

ಪಾಠ ನಡೆಯುತ್ತಿದ್ದುದು ಮಧ್ಯಾಹ್ನ ಅಂಗಡಿ ಮುಚ್ಚಿರುವ ಹೊತ್ತಿನಲ್ಲಿ, ಅದೇ ಬಾಗಿಲ ಬಳಿಯ ಮೇಜಿನ ಮುಂದೆ. ಹುಡುಗಿ ಯಜಮಾನರ ಕುರ್ಚಿಯಲ್ಲಿ, ನಾನು ಗಿರಾಕಿಯ ಸ್ಟೂಲಿನ ಮೇಲೆ. ತಲೆಯ ಮೇಲೆ ಆರಿಸಿದ ದೀಪಗಳು. ಹೊರಗೆ ರಸ್ತೆ ಬೆಂಕಿಯಂತೆ ಕಾದಿರುತ್ತಿತ್ತು. ಹುಡುಗಿ ತೆಳ್ಳಗೆ, ಮಾತೇ ಇಲ್ಲ. ನಾನು ಏನು ಕೇಳಿದರೂ ಮೊದಲು ಯೆಸ್ ಟೀಚರ್ ಎನ್ನುವುದು, ಆಮೇಲೆ ಯೋಚಿಸುವುದು. ಅರ್ಥವಾಯಿತೇ ಎಂದರೆ ಯೆಸ್ ಟೀಚರ್. ಏನು ಅರ್ಥವಾಯಿತು ಎಂದರೂ ಯೆಸ್ ಟೀಚರ್. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಒಂದೆರಡು ದಿನ ಹಲ್ಲು ಕಚ್ಚಿಕೊಂಡು ಕೂತೆ.

ಅವಳ ಪರೀಕ್ಷೆಯಲ್ಲಿ ಕೇಳಿ ಉತ್ತರ ಗುರುತು ಮಾಡುವುದಿದೆ, ಓದುವುದಿದೆ, ಒಂದು ಪ್ರಬಂಧವಿದೆ, ಚೀನೀ ಭಾಷೆಯಿಂದ ಇಂಗ್ಲಿಷಿಗೆ ಒಂದು ಅನುವಾದವಿದೆ. ಬಾಯಿಬಿಟ್ಟು ಮಾತಾಡುವುದು ಮಾತ್ರ ಇಲ್ಲ; ಅದಕ್ಕೆ ಬೇರೆ ಪರೀಕ್ಷೆಯಂತೆ, ಬೇಕಾದವರು ಕೂರಬಹುದಂತೆ. ಕೇಳಿಸುವ ಭಾಗ ಅವರ ಕಾಲೇಜಿನ ರೇಡಿಯೋದಲ್ಲಿ ಬರುತ್ತದೆ. ಅದಕ್ಕೆಂದೇ ಮಕ್ಕಳು ರೇಡಿಯೋ ಇರುವ ಹೆಡ್‌ಫೋನ್ ಕೊಂಡು ತಲೆಗೆ ಹಾಕಿಕೊಂಡು ಪರೀಕ್ಷೆಗೆ ಕೂರುತ್ತಾರೆ. ಹುಡುಗಿ ಅದನ್ನೂ ಸೂಟ್‌ಕೇಸಿನಲ್ಲಿ ತಂದಿದ್ದಳು. ಇಲ್ಲಿ ಅದರಲ್ಲಿ ಏನೂ ಬಾರದು. ಆದರೂ ತಲೆಗೆ ಹಾಕಿಕೊಳ್ಳುತ್ತಿದ್ದಳು. ನಾನು ಅಂಗಡಿಯ ಕೊನೆಗೆ ಹೋಗಿ ನಿಂತು ಜೋರಾಗಿ ಓದುತ್ತಿದ್ದೆ, ಅವಳು ಉತ್ತರಕ್ಕೆ ಗುರುತು ಹಾಕುತ್ತಿದ್ದಳು.

ಪ್ರಬಂಧಕ್ಕೆ ಅವಳದೊಂದೇ ಮಂತ್ರ. ಸಮಾಜವು ವೇಗವಾಗಿ ಬೆಳೆಯುತ್ತಿರುವ ಈ ಕಾಲದಲ್ಲಿ ಈ ವಿಷಯ ಎಲ್ಲರ ಗಮನ ಸೆಳೆಯುತ್ತಿದೆ, ಎಂದು ಶುರು. ಪ್ರತಿ ನಾಣ್ಯಕ್ಕೂ ಎರಡು ಮುಖಗಳಿವೆ, ಎಂದು ನಡುವೆ. ನಾವೆಲ್ಲರೂ ಕೈಜೋಡಿಸಿದರೆ ಭವಿಷ್ಯ ಉಜ್ವಲ, ಎಂದು ಕೊನೆಗೆ. ವ್ಯಾಯಾಮ ಕೊಡಿ, ಮೊಬೈಲು ಕೊಡಿ, ತಂದೆತಾಯಿಯ ಸೇವೆ ಕೊಡಿ, ನಡುವೆ ಶಬ್ದ ಬದಲಾಯಿಸಿ ಬರೆದುಕೊಡುತ್ತಿದ್ದಳು. ಓದಿ ನಾನು ನಕ್ಕುಬಿಟ್ಟೆ. ನಮ್ಮ ಪಿಯುಸಿಯಲ್ಲಿ ನಾವು ಮಾಡಿದ್ದು ಬೇರೇನು? ದೂರದರ್ಶನ ಇರಲಿ, ದನದ ಜಾತ್ರೆ ಇರಲಿ, ಮನುಷ್ಯ ಸಂಘಜೀವಿ ಎಂದೇ ನಮ್ಮ ಪ್ರಬಂಧ ಏಳುತ್ತಿತ್ತು. ಉರು ಹೊಡೆದು ಪಾಸಾದವಳಿಗೆ ಉರು ಹೊಡೆಯುವವಳನ್ನು ಬೈಯುವ ಬಾಯಿ ಎಲ್ಲಿಂದ ಬರಬೇಕು. ಆ ಮಂತ್ರವನ್ನೇ ತಿದ್ದಿ, ಒಪ್ಪ ಮಾಡಿ, ಇನ್ನೆರಡು ಮಂತ್ರ ಸೇರಿಸಿ ಕೊಟ್ಟೆ. ಹೇಳು ಎನ್ನುವುದು, ಇನ್ನೊಂದು ಸಲ ಹೇಳು ಎನ್ನುವುದು. ನಮ್ಮ ಪಾಠವೆಂದರೆ ಅದೇ.

ಅನುವಾದಕ್ಕೆ ಕೂತಾಗ ಮಾತ್ರ ಇಬ್ಬರೂ ಕುರುಡರು. ಚೀನೀ ಅಕ್ಷರ ನನಗೆ ಬಾರದು, ಇಂಗ್ಲಿಷ್ ಅವಳಿಗೆ ಬಾರದು. ಅವಳು ಫೋನಿನಲ್ಲಿ ಚಿತ್ರ ತೋರಿಸುತ್ತಿದ್ದಳು. ಹಬ್ಬದ ದೋಣಿ, ಕಾಗದ ಕತ್ತರಿಸಿದ ಹೂವು, ಚಹಾ ಗಿಡ. ಹಾಗೆ ತೋರಿಸುತ್ತಾ ಒಂದು ದಿನ ಬೆರಳು ಜಾರಿ ಬೇರೆ ಚಿತ್ರಗಳು ಬಂದವು. ಸಾಲು ಸಾಲು ತಟ್ಟೆಗಳಲ್ಲಿ ಸಸಿಗಳು. ಎಲ್ಲವೂ ಅವಳ ಕಾಲೇಜಿನ ಗಾಜಿನ ಮನೆಯವು. ಅವಳು ಓದುತ್ತಿದ್ದುದು ಬೀಜ, ಬೆಳೆಗಳ ವಿದ್ಯೆ. ಯಾವ ಗಿಡ ಎಂದು ಕೇಳಿದೆ. ಇಂಗ್ಲಿಷಿನ ಹೆಸರು ಬರಲಿಲ್ಲ. ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ಎಲೆಯ ಅಂಚು ತೋರಿಸಿ, ನನ್ನ ಮುಖ ನೋಡಿದಳು. ಅಷ್ಟು ದಿನದಲ್ಲಿ ಅವಳ ಕಣ್ಣಲ್ಲಿ ಹೊಳಪು ಕಂಡದ್ದು ಅವತ್ತೊಂದೇ ದಿನ.

ಮನೆಯಲ್ಲಿ ಯಜಮಾನರು ಊಟಕ್ಕೆ ಕೂತಾಗ ಮೆಲ್ಲಗೆ ಅಂದರು.

"ಒಂದೀಟು ಕಡಿಮಿ ಕಲಿಸಿದ್ರ ಏನಾಕ್ಕೈತಿ? ಹೆಂಗೂ ಫೇಲ್ ಆಗಿ ರೂಢಿ ಐತಿ ಆಕಿಗಿ."

"ಕಲಿಸೂದಂದ್ರ ಕಲಿಸೂದು. ನನ್ನ ಮುಂದ ಕುಂತ ಹುಡುಗಿನ್ನ ಬೇಕಂತ ಕೆಡವಂಗಿಲ್ಲ ನಾ."

"ಮಾಸ್ತರಿಕಿ ನಿಂದು, ಗೋದಾಮು ನಂದು," ಎಂದು ರೊಟ್ಟಿ ಮುರಿದರು. ಮಗಳು ಟಿವಿಯಿಂದ ತಲೆಯೆತ್ತಿ, ಗೋದಾಮು ಅಂದರೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನೀನು ಟಿವಿ ನೋಡು ಎಂದೆ. ಯಜಮಾನರು ತಮಾಷೆಗೆ ಅಂದದ್ದೇ. ಆದರೂ ಕೂತ ಕೊಂಬೆಯನ್ನೇ ಕಡಿಯುತ್ತಿದ್ದೇನೆ ಎಂದು ಗೊತ್ತಿತ್ತು. ಕೊಡಲಿಯನ್ನು ಕೆಳಗಿಡುವುದು ಹೇಗೆ ಎಂದು ಗೊತ್ತಿರಲಿಲ್ಲ.

ರಜೆ ಮುಗಿದು ಅವಳು ಹೋದಳು. ಪಾಠ ಫೋನಿನಲ್ಲಿ ಮುಂದುವರಿಯಿತು. ಡಿಸೆಂಬರಿನಲ್ಲಿ ಪರೀಕ್ಷೆ ಬರೆದಳು. ಅವತ್ತು ನಾನು ದೇವರ ಮುಂದೆ ದೀಪ ಹಚ್ಚಿ ಕೈಮುಗಿದು ನಿಂತೆ, ಏನು ಬೇಡಿಕೊಳ್ಳುವುದೆಂದೇ ತಿಳಿಯಲಿಲ್ಲ. ಹುಡುಗಿ ಪಾಸಾಗಲಿ ಎಂದರೆ ಗಂಡನಿಗೆ ಕೇಡು. ಆಗದಿರಲಿ ಎಂದರೆ ನಾಲಗೆಗೆ ಹುಳ ಬೀಳುತ್ತದೆ. ನಿನಗೇ ಬಿಟ್ಟದ್ದಪ್ಪ ಎಂದು ಹೇಳಿ ಒಳಗೆ ಬಂದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಫಲಿತಾಂಶ ಬಂತು. ಪಾಸು. ಮಾಲೀಕರು ಒಂದು ಡಬ್ಬಿ ಚಹಾ, ಹಣವಿಟ್ಟ ಒಂದು ಕೆಂಪು ಲಕೋಟೆ ತೆಗೆದುಕೊಂಡು ನಮ್ಮ ಮನೆಯವರೆಗೆ ಬಂದರು. ಬಗ್ಗಿ ಬಗ್ಗಿ ನಮಸ್ಕಾರ ಮಾಡಿದರು. ಯಜಮಾನರ ಬೆನ್ನು ತಟ್ಟಿದರು. ಹೆಮ್ಮೆಯಾಯಿತು ನನಗೆ, ಸುಳ್ಳೇಕೆ ಹೇಳಲಿ. ಅವರು ಮೆಟ್ಟಿಲಿಳಿದು ಹೋದ ಮೇಲೆ ಅಡುಗೆಮನೆಗೆ ಹೋಗಿ ಅತ್ತದ್ದೂ ಹೌದು.

ಬೇಸಿಗೆಯಲ್ಲಿ ಪದವಿ ಮುಗಿಸಿ ಹುಡುಗಿ ಬಂದಳು. ಮಾಲೀಕರು ಮೊದಲ ದಿನವೇ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿ, ಯಜಮಾನರನ್ನು ಪಕ್ಕದಲ್ಲಿ ನಿಲ್ಲಿಸಿದರು. ಸಂಜೆ ಯಜಮಾನರು ಮನೆಗೆ ಬಂದು ನಡೆದದ್ದು ಹೇಳಿದರು. ಒಬ್ಬ ಹೆಂಗಸು ಬಂದು, ನಮ್ಮ ಮನೆಯ ಚಾವಣಿ ತಗ್ಗು, ಇದೇ ದೀಪ ಸಣ್ಣದರಲ್ಲಿ ಸಿಗುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಹುಡುಗಿ ಎದ್ದು ನಿಂತಳಂತೆ. ಮುಖ ಕೆಂಪಗಾಯಿತಂತೆ. ಕೊನೆಗೆ, ಪ್ರತಿ ನಾಣ್ಯಕ್ಕೂ ಎರಡು ಮುಖಗಳಿವೆ, ಎಂದಳಂತೆ. ಹೆಂಗಸು ಗಾಬರಿಯಾಗಿ ಯಜಮಾನರ ಮುಖ ನೋಡಿದರಂತೆ. ಆಮೇಲೆ ಯಜಮಾನರೇ ಸಣ್ಣ ದೀಪ ತೋರಿಸಿ ಮಾರಿದರಂತೆ. ಹೇಳುವಾಗ ಅವರು ನಗಲಿಲ್ಲ.

"ಆ ಕೂಸಿನ ಮಾರಿ ನೋಡಾಕ ಆಗ್ಲಿಲ್ಲ," ಎಂದಷ್ಟೇ ಅಂದರು.

ಮಾಲೀಕರು ಮತ್ತೆ ನನ್ನನ್ನು ಕರೆಸಿದರು. ಫೋನು ಅದೇ ಗಗನಸಖಿಯ ದನಿಯಲ್ಲಿ, ಈಗ ಮಾತು ಕಲಿಸಿರಿ ಎಂದಿತು. ಅವಳು ಮಾತಾಡಲು ಕಲಿತ ದಿನ ಕುರ್ಚಿ ಬದಲಾವಣೆ ಎಂದಿತು. ಯಜಮಾನರ ಇಕಾಮಾ ಮುಗಿಯುವ ದಿನ ಹತ್ತಿರ ಬರುತ್ತಿತ್ತು; ಹೊಸದು ಮಾಡಿಸುವಾಗ ಸಂಬಳ ನೋಡುತ್ತಾರೆ. ನಾನು ಮತ್ತೆ ಹೋಗಿ ಅದೇ ಸ್ಟೂಲಿನ ಮೇಲೆ ಕೂತೆ. ಹುಡುಗಿ ಬಾಯಿ ಬಿಡದಿದ್ದರೆ ನಮ್ಮ ಮನೆ ಉಳಿಯುತ್ತದೆ. ಬಾಯಿ ಬಿಡಿಸುವುದು ನನ್ನ ಕೆಲಸ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗೆ.

ಹಲವು ಮಧ್ಯಾಹ್ನಗಳು ಯೆಸ್ ಟೀಚರಿನಲ್ಲೇ ಕಳೆದವು. ಒಂದು ದಿನ ನನಗೇ ಸಾಕಾಯಿತು. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟೆ. ಮಾಲೀಕರು ಏಣಿಯ ಮೇಲೆ ನಿಂತು ಬಟ್ಟೆಯಿಂದ ದೀಪ ಒರೆಸುತ್ತಿದ್ದರು. ಯಜಮಾನರು ಕೆಳಗೆ ಏಣಿ ಹಿಡಿದು ನಿಂತಿದ್ದರು. ಅಂಗಡಿಯ ಆ ಕೊನೆಗೆ, ಎಸಿಯ ಸದ್ದಿನಲ್ಲಿ, ನಮ್ಮ ದನಿ ಮುಟ್ಟಿದರೂ ಮಾತು ತಿಳಿಯುವುದಿಲ್ಲ.

"ಇವತ್ತು ಪುಸ್ತಕ ಬೇಡ," ಎಂದು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. "ನಿನ್ನ ಮನಸ್ಸಿನಲ್ಲಿ ಏನಿದೆಯೋ ಅದನ್ನು ಹೇಳು. ತಪ್ಪಾದರೂ ಪರವಾಗಿಲ್ಲ."

ಅವಳು ಏಣಿಯ ಮೇಲಿದ್ದ ಅಪ್ಪನನ್ನು ನೋಡಿದಳು. ಆಮೇಲೆ ಮುಖದ ತುಂಬ ನಕ್ಕಳು. ಆ ನಗು ನನಗೆ ಎಲ್ಲೋ ನೋಡಿದ್ದು ಅನ್ನಿಸಿತು.

"ಟೀಚರ್, ನನಗೆ ಈ ಕುರ್ಚಿ ಬೇಡ," ಎಂದಳು, ಇಂಗ್ಲಿಷಿನಲ್ಲಿ, ಎಲ್ಲೂ ತಡವರಿಸದೆ. "ಇದು ಸರ್ ಅವರ ಕುರ್ಚಿ. ನಾನು ನನ್ನ ಗಿಡಗಳ ಹತ್ತಿರ ಹೋಗಬೇಕು. ನನಗೆ ಇಲ್ಲಿ ತುಂಬ ಕಷ್ಟವಾಗುತ್ತಿದೆ."

ನಗು ಹಾಗೆಯೇ ಇತ್ತು. ಆಗ ಹೊಳೆಯಿತು ಅದು ಯಾರ ನಗು ಎಂದು. ಇಷ್ಟು ದಿನ ಅವಳೆದುರಿಗೇ, ಅವಳ ಅಪ್ಪನ ಮುಂದೆ ನಾವಿಬ್ಬರೂ ನಕ್ಕದ್ದು ಅದು.

"ಅಪ್ಪನಿಗೆ ನಿಮ್ಮ ಭಾಷೆಯಲ್ಲಿ ಹೇಳಬಾರದೇ?" ಎಂದೆ.

"ನಮ್ಮ ಭಾಷೆಯಲ್ಲಿ ಹೇಳಿದರೆ ಅವರಿಗೆ ಅರ್ಥವಾಗಿಬಿಡುತ್ತದೆ," ಎಂದಳು.

ಮುಂದೇನು ಹೇಳಲಿ? ನಾನು ಅವಳ ಪರವಾಗಿ ಬಾಯಿ ಹಾಕಿದರೆ, ಗಂಡನ ಕುರ್ಚಿ ಉಳಿಸಿಕೊಳ್ಳಲು ಮಾಲೀಕರ ಮಗಳಿಗೆ ಹೇಳಿಕೊಟ್ಟಳು ಎಂದೇ ಆಗುತ್ತದೆ. ಮೇಷ್ಟರ ರೂಢಿಯಂತೆ, ಇನ್ನೊಂದು ಸಲ ಹೇಳು ಎಂದುಬಿಟ್ಟೆ. ಅವಳು ಮತ್ತೆ ಹೇಳಿದಳು. ಈ ಸಲ ಇನ್ನೂ ಜೋರಾಗಿ, ಇನ್ನೂ ಚೆನ್ನಾಗಿ.

ಏಣಿಯ ಮೇಲೆ ಮಾಲೀಕರ ಕೈ ನಿಂತಿತು. ಮಗಳು ಅಷ್ಟು ಇಂಗ್ಲಿಷ್ ಮಾತಾಡಿದ್ದನ್ನು ಅವರು ಜೀವಮಾನದಲ್ಲಿ ಕೇಳಿರಲಿಲ್ಲ. ಸರಸರನೆ ಇಳಿದು ಬಂದರು. ಕಣ್ಣು ತುಂಬಿತ್ತು. "ಝೈನ್, ಝೈನ್," ಎಂದು ಮಗಳ ತಲೆ ಸವರಿದರು. ನನಗೆ ಎರಡೂ ಕೈ ಜೋಡಿಸಿದರು. ಆಮೇಲೆ ಯಜಮಾನರ ಕಡೆ ತಿರುಗಿ, ಸಂತೋಷದಿಂದಲೇ, "ಖಲಾಸ್, ಬುಕ್ರಾ," ಎಂದು ಗೋದಾಮಿನ ಬಾಗಿಲು ತೋರಿಸಿದರು. ಮುಗಿಯಿತು, ನಾಳೆಯಿಂದ ಎಂದು.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಯಜಮಾನರು ಏಣಿ ಹಿಡಿದುಕೊಂಡೇ ಅಲ್ಲಿಂದ ಕೇಳಿದರು.

"ಏನಂದ್ಳು ಹುಡುಗಿ?"

"ಕುರ್ಚಿ ಬ್ಯಾಡಂತ ರೀ," ಎಂದೆ. "ನಗ್ರಿ, ನೋಡಾಕತ್ತಾನ."