ಚನ್ನರಾಯಪಟ್ಟಣದ ದಾರಿಯಲ್ಲಿ ಬಿಟ್ಟ ರೋಜಾ

ಕೊಡ್ಲಿಪೇಟೆಯಿಂದ ನಾನು ಹೊರಟದ್ದು ರಂಜಾನ್ ತಿಂಗಳ ಇಪ್ಪತ್ತಾರನೆಯ ದಿನ, ಅರಕಲಗೂಡಿಗೆ ಹೋಗುವ ಒಂದು ಖಾಲಿ ಗಾಡಿಯಲ್ಲಿ. ಯುದ್ಧದ ಕಾಲ. ಕೊಡ್ಲಿಪೇಟೆಯ ಕಾಫಿ ತೋಟದ ಬಂಗಲೆಯೊಂದರಲ್ಲಿ ಹತ್ತು ದಿನ ಕೂತು ಹಳೆಯ ಹಾಸಿಗೆಗಳನ್ನೆಲ್ಲ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದುಕೊಟ್ಟಿದ್ದೆ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಅಪ್ಪನ ಹತ್ತಿ ಹಿಂಜುವ ಬಿಲ್ಲು ಎತ್ತಿಕೊಂಡವನು ನಾನು. ನನ್ನ ಕೈಯ ಹಾಸಿಗೆ ಬೇಗ ಗಂಟು ಕಟ್ಟುವುದಿಲ್ಲ. ಯಾರನ್ನು ಬೇಕಾದರೂ ಕೇಳಿ.

ಚನ್ನರಾಯಪಟ್ಟಣದಲ್ಲಿ ದರ್ಜಿ ಕೆಲಸ ಮಾಡುವ ಮಾವನಿಂದ ಕಾರ್ಡು ಬಂದಿತ್ತು. ತಾಯಿ ಸತ್ತ ಮೇಲೆ ನನ್ನ ಮಗಳು ಜೈತುನ್ ಅವರ ಮನೆಯಲ್ಲೇ ಬೆಳೆಯುತ್ತಿದ್ದಳು. ಅವಳಿಗೆ ಒಂಬತ್ತು ತುಂಬಿದೆ, ಇಪ್ಪತ್ತೇಳನೆಯ ದಿನ ಮೊದಲ ರೋಜಾ ಇಡಿಸುತ್ತೇವೆ ಎಂದು ಬರೆಸಿದ್ದರು. ನಮ್ಮಲ್ಲಿ ಮಗುವಿನ ಮೊದಲ ಉಪವಾಸ ಎಂದರೆ ಚಿಕ್ಕ ಮದುವೆಯಿದ್ದಂತೆ. ಹೊಸ ಬಟ್ಟೆ ತೊಡಿಸಿ, ಹಾರ ಹಾಕಿ, ನೆರೆಹೊರೆಯವರನ್ನು ಕರೆಯುತ್ತಾರೆ. ಸೂರ್ಯ ಮುಳುಗಿದ ಕೂಡಲೇ ತಂದೆಯಾದವನು ಮಗುವಿನ ಬಾಯಿಗೆ ಖರ್ಜೂರ ಇಟ್ಟು ಉಪವಾಸ ಬಿಡಿಸುತ್ತಾನೆ. ಕಾರ್ಡಿನ ಕೊನೆಯಲ್ಲಿ, ‘ನಿಮಗೆ ಬಿಡುವಿಲ್ಲದಿದ್ದರೆ ನಾನೇ ಬಿಡಿಸುತ್ತೇನೆ’ ಎಂಬ ಮಾತೂ ಇತ್ತು. ಆ ಸಾಲು ನನಗೆ ಚುಚ್ಚಿತು. ಅವಳನ್ನು ನೋಡಿ ಏಳು ತಿಂಗಳಾಗಿತ್ತು.

ಅರಕಲಗೂಡು ಸೇರುವಾಗ ಸಂಜೆ. ಮಸೀದಿಯಲ್ಲಿ ನೆನೆಸಿದ ಕಡಲೆ, ಬಾಳೆಹಣ್ಣು, ಉಪ್ಪುಗಂಜಿಯಿಂದ ರೋಜಾ ಬಿಟ್ಟೆವು. ಖರ್ಜೂರ ಆ ವರ್ಷ ಸಿಕ್ಕುತ್ತಲೇ ಇರಲಿಲ್ಲ. ಕೊಡ್ಲಿಪೇಟೆಯ ವ್ಯಾಪಾರಿಯೊಬ್ಬರನ್ನು ಕಾಡಿ ಬೇಡಿ ತಂದ ಒಂದು ಹಿಡಿ ನನ್ನ ಜೇಬಿನಲ್ಲಿತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ನಮಾಜು ಮಾಡಿಸುವ ವೃದ್ಧರು ನನ್ನ ಪಯಣದ ವಿಚಾರ ಕೇಳಿ, ನಾಳೆ ದಾರಿ ದೊಡ್ಡದು, ಪ್ರಯಾಣಿಕನಿಗೆ ರೋಜಾ ಬಿಡುವ ರಿಯಾಯಿತಿ ಇದೆ, ಆಮೇಲೆ ಬೇರೆ ದಿನ ಇಟ್ಟುಕೊಂಡರಾಯಿತು ಎಂದರು. ನಾನು ಒಂಬತ್ತನೇ ವಯಸ್ಸಿನಿಂದ ಒಂದೂ ಬಿಟ್ಟವನಲ್ಲ, ಹಿಂಜುವಾಗ ಹತ್ತಿಯ ಧೂಳೆಲ್ಲ ಗಂಟಲಿಗೆ ಇಳಿದರೂ ಒಂದು ಗುಟುಕು ನೀರು ಕೇಳಿದವನಲ್ಲ ಎಂದೆ. ಮುದುಕರು ಗಡ್ಡ ಸವರಿಕೊಂಡು ನಕ್ಕರು.

“ಇಡು ಅಂದೋನೇ ಬಿಡಬೋದು ಅಂತಾನೂ ಅಂದವ್ನೆ ಮಿಯಾ. ಒಂದ್ ಮಾತು ಕೇಳಿ ಇನ್ನೊಂದಕ್ಕೆ ಕಿವಿ ಮುಚ್ಕಂಡ್ರೆ ಅದು ಭಕ್ತಿಯಲ್ಲ, ನಿಮ್ಮ ಹಟ.”

ಅದು ಕೈಲಾಗದವರಿಗೆ ಹೇಳುವ ಮಾತು ಎಂದುಕೊಂಡು ಮಲಗಿದೆ.

ಮರುದಿನ ರೋಜಾ ಹಿಡಿದೇ ಬಸ್ಸು ಹತ್ತಿದೆ. ಪೆಟ್ರೋಲು ಇರದೆ ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ದಿನಗಳವು. ಹಿಂಬದಿಗೆ ಒಂದು ದೊಡ್ಡ ಒಲೆ ಕಟ್ಟಿರುತ್ತಿದ್ದರು. ಏರು ಬಂದರೆ ನಾವೆಲ್ಲ ಇಳಿದು ತಳ್ಳಬೇಕು. ಹಳ್ಳಿಮೈಸೂರಿನಲ್ಲಿ ಅರ್ಧ ಗಂಟೆ ನಿಂತು ಇದ್ದಿಲು ತುಂಬಿಸಿಕೊಂಡಿತು. ಹೊಳೆನರಸೀಪುರದಲ್ಲಿ ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಅಲ್ಲಿ ಬಸ್ಸು ಬದಲಾಯಿಸಿ, ಎಂಟಾಣೆ ಕೊಟ್ಟು ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕೂತೆ. ಮಳೆ ಬಿಟ್ಟು ನಾಲ್ಕು ದಿನವಾಗಿದ್ದರಿಂದ ಬಿಸಿಲು ಮೈ ಚುರುಗುಟ್ಟಿಸುತ್ತಿತ್ತು.

ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಡ್ರೈವರು ಇಳಿದು ಒಲೆಯ ಬಾಗಿಲು ತೆಗೆದು ನೋಡಿ, “ಇದ್ಲು ಅಸಿ ಸಾ, ಒಗೆ ಬಿಟ್ರೆ ಇನ್ನೇನೂ ಬರಾಕಿಲ್ಲ. ಸಂಜೆಗೆ ಒಂಟ್ರೂ ಒಂಟೀತು, ಇಲ್ದಿದ್ರೆ ಇಲ್ಲ,” ಎಂದು ಬೀಡಿ ಹಚ್ಚಿದ. ಮೈಲಿಗಲ್ಲು ಚನ್ನರಾಯಪಟ್ಟಣಕ್ಕೆ ಹನ್ನೆರಡು ಎಂದು ತೋರಿಸುತ್ತಿತ್ತು. ಹೊತ್ತು ಆಗಲೇ ನೆತ್ತಿಯಿಂದ ಜಾರಿತ್ತು. ನಾನು ಬಿಲ್ಲು ಇಳಿಸಿಕೊಂಡು ಹೆಗಲಿಗೇರಿಸಿ ನಡೆಯತೊಡಗಿದೆ.

ಮೊದಲ ಮೂರು ಮೈಲಿ ಚೆನ್ನಾಗಿಯೇ ನಡೆದೆ. ನಾಲ್ಕನೆಯದರಲ್ಲಿ ನಾಲಿಗೆ ಅಂಗುಳಿಗೆ ಅಂಟಿತು, ರಸ್ತೆ ಅಲುಗಾಡಿದಂತೆ ಕಂಡಿತು. ಒಂದು ಹೊಂಗೆಮರದ ಬುಡದಲ್ಲಿ ಕೂತವನಿಗೆ ಏಳಲು ಆಗಲಿಲ್ಲ. ಪಕ್ಕದ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಒಬ್ಬ ಗೌಡತಿ ಸೆರಗು ಕಟ್ಟಿಕೊಂಡು ಬಂದರು. ನನ್ನ ತಾಯಿಯ ವಯಸ್ಸಿನವರು.

“ಬಿಲ್ಲು ಎತ್ಕಂಡು ಯಾವ್ ಯುದ್ಧಕ್ಕೆ ಒಂಟ್ರಿ ಸಾಬ್ರೆ? ಮಕ ನೋಡಿದ್ರೆ ಆಗ್ಲೆ ಸೋತಂಗೈತೆ.”

ಉಪವಾಸ ಎಂದೆ. ನೀವು ಉಗುಳೂ ನುಂಗುವುದಿಲ್ಲವಂತೆ ನಿಜವೇ ಎಂದು ಕೇಳಿದರು. ಅಲ್ಲ ಎಂದು ತಲೆ ಆಡಿಸಿದೆ. ನಮ್ಮ ಶಿವರಾತ್ರಿಯಲ್ಲಿ ಉಪವಾಸದ ಹೆಸರು ಹೇಳಿಕೊಂಡು ಊಟಕ್ಕಿಂತ ಹೆಚ್ಚೇ ತಿನ್ನುತ್ತೇವೆ ಎಂದು ಅವರೇ ನಕ್ಕರು. ಎಲ್ಲಿಗೆ ಎಂದು ಕೇಳಿದಾಗ ಮಗಳ ವಿಷಯ ಹೇಳಿದೆ. ಅವರ ನಗು ನಿಂತಿತು. ಹೊತ್ತು ನೋಡಿದರು, ರಸ್ತೆ ನೋಡಿದರು.

“ಇಂಗೇ ಕುಂತ್ರೆ ನೀವು ಪಟ್ನ ಸೇರಾಕಿಲ್ಲ ಕಣಪ್ಪ. ನೀರ್ ಕುಡಿದ್ರೆ ಎದ್ದು ಓಯ್ತೀರಿ. ಮಗೀಗೆ ನೀವ್ ಬೇಕೋ, ನಿಮ್ಮ ಉಪಾಸ ಬೇಕೋ? ನೀವೇ ಯೋಳಿ.”

ಆಗ ನನಗೆ ನೆನಪಾದದ್ದು ಮಗಳಲ್ಲ, ಅವಳ ತಾಯಿ ಖತೀಜಾ. ಅವಳ ಕೊನೆಯ ರಂಜಾನ್‌ನಲ್ಲಿ ಕೆಮ್ಮು, ಜ್ವರ. ಹಕೀಮರು ಹಗಲು ಗಂಜಿ ಕುಡಿಯಲೇಬೇಕು ಎಂದಿದ್ದರು. ಅವಳು ಒಳಕೋಣೆಯಲ್ಲಿ, ಹತ್ತಿಯ ರಾಶಿಯ ಹಿಂದೆ, ಗೋಡೆಗೆ ಮುಖ ಮಾಡಿಕೊಂಡು ಕುಡಿಯುತ್ತಿದ್ದಳು. ಒಂದು ದಿನ ನಾನು ನೋಡಿದೆ. ‘ನಮ್ಮ ಮನೆಯಲ್ಲೂ ರಂಜಾನ್‌ನ ಹಗಲು ಒಲೆ ಉರಿಯಿತಲ್ಲ’ ಎಂದೆ. ಬೈದದ್ದಲ್ಲ, ತಮಾಷೆಗೆಂಬಂತೆ ಅಂದದ್ದು. ಅವಳು ಬಟ್ಟಲು ಕೆಳಗಿಟ್ಟಳು. ಮಾರನೆಯ ದಿನದಿಂದ ಒಲೆ ಉರಿಯಲಿಲ್ಲ. ಮುಂದಿನ ಚಳಿಗಾಲ ಅವಳಿಗೆ ಬರಲಿಲ್ಲ.

ಬೊಗಸೆ ಒಡ್ಡಿದೆ. ಗೌಡತಿ ಮಡಕೆ ಎತ್ತಿ ನೀರು ಹೊಯ್ದರು. ಮೂವತ್ತು ವರ್ಷದಲ್ಲಿ ರಂಜಾನ್‌ನ ಹಗಲು ನನ್ನ ಗಂಟಲಿಗಿಳಿದ ಮೊದಲ ನೀರು ಅದು. ಕುಡಿಯುತ್ತ ಕುಡಿಯುತ್ತ ಕಣ್ಣು ತುಂಬಿತು. ಆ ತಾಯಿ ನೋಡಿಯೂ ನೋಡದವರಂತೆ ಇನ್ನಷ್ಟು ಹೊಯ್ದರು. ಆಮೇಲೆ ಮಜ್ಜಿಗೆಗೆ ಕದಡಿದ ರಾಗಿ ಅಂಬಲಿಯನ್ನೂ ಕೊಟ್ಟರು.

ಉಳಿದ ಎಂಟು ಮೈಲಿ ಹೇಗೆ ನಡೆದೆನೋ ತಿಳಿಯದು. ಪಟ್ಟಣದ ಕೆರೆ ಏರಿ ಕಂಡಾಗ ಬಿಸಿಲು ತೆಂಗಿನ ಸುಳಿಗಳ ಮೇಲೆ ಮಾತ್ರ ಉಳಿದಿತ್ತು. ಮಾವನ ಮನೆಯ ಜಗಲಿಯಲ್ಲಿ ಜನ ಕೂಡಿದ್ದರು. ಹಸಿರು ಲಂಗ ತೊಟ್ಟು, ಮಲ್ಲಿಗೆ ಹಾರ ಹಾಕಿಕೊಂಡು, ಜೈತುನ್ ಚಾಪೆಯ ನಡುವೆ ಕೂತಿದ್ದಳು. ತುಟಿ ಒಣಗಿ ಬೆಳ್ಳಗಾಗಿತ್ತು. ಒಣಗಿದ ತುಟಿಯಲ್ಲಿ ಅವಳು ಥೇಟ್ ಖತೀಜಾ. ನನ್ನನ್ನು ಕಂಡು ಏಳಲು ಹೋದಳು. ಅತ್ತೆ ಹಿಡಿದು ಕೂರಿಸಿದರು.

“ಬಿಲ್ಲುಗಾರರು ಬಂದ್ರಪ್ಪಾ,” ಎಂದರು ಮಾವ. ಆದರೆ ಬಸ್ಸು ಕೆಟ್ಟದ್ದು, ನಡೆದು ಬಂದದ್ದು ಕೇಳಿದ ಮೇಲೆ ಅವರ ದನಿ ಬದಲಾಯಿತು. ಕೂಡಿದ್ದವರ ಕಡೆ ತಿರುಗಿ, ನನ್ನ ಅಳಿಯ ರೋಜಾದಲ್ಲಿ ಹನ್ನೆರಡು ಮೈಲಿ ನಡೆದಿದ್ದಾನೆ, ಮಗಳಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ ಎಂದು ಹೇಳತೊಡಗಿದರು. ಮಾವ ನನ್ನನ್ನು ನಾಲ್ಕು ಜನರೆದುರು ಹೊಗಳಿದ್ದು ಅದೇ ಮೊದಲು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಇಲ್ಲ ಮಾವ. ದಾರೀಲಿ ನೀರು ಕುಡ್ದೆ. ನಂಗೆ ಇವತ್ತು ರೋಜಾ ಇಲ್ಲ,” ಎಂದೆ.

ಮಾವ ಟೋಪಿ ಸರಿಮಾಡಿಕೊಂಡರು. ಮಗಳು ಏನೆಂದುಕೊಂಡಾಳೋ ಎಂದು ನಾನು ನೆಲ ನೋಡುತ್ತಿದ್ದೆ. ಇಡೀ ಹಗಲು ಅವಳು, ಅಬ್ಬಾ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ ಎಂದು ಹೇಳಿಕೊಂಡೇ ತಡೆದಿದ್ದಳೆಂದು ಅತ್ತೆ ಆಮೇಲೆ ಹೇಳಿದರು.

“ತುಂಬಾ ಬಾಯಾರಿತ್ತಾ ಅಬ್ಬಾ?” ಎಂದಳು ಜೈತುನ್.

ಒಂದೇ ಹಗಲಿನ ಉಪವಾಸಕ್ಕೆ ಈ ಮಗು ಕಲಿತ ಮಾತನ್ನು, ಮೂವತ್ತು ವರ್ಷ ರೋಜಾ ಹಿಡಿದ ನಾನು ಅವಳ ತಾಯಿಗೆ ಒಂದು ದಿನವೂ ಕೇಳಿರಲಿಲ್ಲ. ಅಷ್ಟರಲ್ಲಿ ಮಸೀದಿಯಿಂದ ಬಾಂಗು ಕೇಳಿಸಿತು. ಜೇಬಿನ ಖರ್ಜೂರವೊಂದನ್ನು ಬೀಜ ತೆಗೆದು ಅವಳ ಬಾಯಿಗಿಟ್ಟೆ.

ಎರಡು ದಿನ ಇದ್ದೆ. ಅರಕಲಗೂಡಿನ ಒಬ್ಬ ವರ್ತಕರಿಗೆ ಹಬ್ಬದೊಳಗೆ ಹಾಸಿಗೆ ಕೊಡುವ ಮಾತು ಕೊಟ್ಟಿದ್ದೆ, ಹೊರಡಲೇಬೇಕಾಯಿತು. ಬಸ್ಸಿನ ಬಳಿ ಜೈತುನ್ ಕೇಳಿದಳು: “ಬಿಟ್ಟ ರೋಜಾ ಯಾವತ್ತು ಇಡ್ತೀರಿ?” ಹಬ್ಬ ಕಳೆದ ಮೇಲೆ ಎಂದೆ. “ಒಬ್ರೇ ಇಟ್ರೆ ಬೇಜಾರು. ನಾನೂ ಜೊತೇಲಿ ಇಡ್ತೀನಿ,” ಎಂದಳು. ಬಸ್ಸು ಕೆರೆ ಏರಿ ತಿರುಗುವವರೆಗೂ ಅವಳ ಹಸಿರು ಲಂಗ ಕಾಣುತ್ತಿತ್ತು.

ಬಾಕಿ ಉಳಿಸಿಕೊಳ್ಳುವ ಜಾಯಮಾನ ನನ್ನದಲ್ಲ. ಹಬ್ಬ ಕಳೆದು ಎರಡು ತಿಂಗಳಾಯಿತು, ಹಗಲು ಕಿರಿದಾಗಿದೆ, ಹವೆ ತಂಪಾಗಿದೆ. ಆ ಒಂದು ರೋಜಾ ಯಾವತ್ತು ಬೇಕಾದರೂ ಇಟ್ಟು ಮುಗಿಸಬಹುದು. ಇಡದೆ ಉಳಿಸಿಕೊಂಡಿದ್ದೇನೆ, ಮತ್ತೆ ಚನ್ನರಾಯಪಟ್ಟಣಕ್ಕೆ ಹೋಗುವ ದಿನಕ್ಕೆ.