ತಾರಸಿಯ ಮಾಂಸ

ಕಿಟಕಿಯ ಗಾಜು ಹೊರಗಿನಿಂದ ಬೆವರಿತ್ತು. ಬೀಬಿ ಅದನ್ನು ನೋಡಿ ಎದ್ದು ಕೂತಳು.

ಗಾಜು ಬೆವರಿತೆಂದರೆ ಗಾಳಿ ತಿರುಗಿತು. ಮರಳಿನ ಕಡೆಯ ಒಣ ಗಾಳಿ ಹೋಯಿತು, ಸಮುದ್ರದ ಹಸಿ ಗಾಳಿ ಬಂತು. ಪ್ರತಿ ವರ್ಷವೂ ಇದನ್ನು ಮೊದಲು ನೋಡುತ್ತಿದ್ದವನು ಅವಳ ಗಂಡ ಪಕೀರಬ್ಬ. ಈ ಸಲವೂ ಬಕ್ರೀದಿನ ಮರುದಿನ ಅವನು ತಾರಸಿಗೆ ಹೋಗಿ ದನದ ಮಾಂಸವನ್ನು ತಂತಿಗೆ ಹಾಕಿದ. ಕೆಳಗೆ ಬಂದು ನೀರು ಕೇಳಿದ. ಅವಳು ಲೋಟ ಹಿಡಿದು ಬರುವಾಗ ಅವನಿರಲಿಲ್ಲ.

ನಿನ್ನೆ ಮಣ್ಣು ಮಾಡಿ ಬಂದರು. ಮಾಂಸ ತಾರಸಿಯಲ್ಲೇ ಇತ್ತು.

ದೋಹಾದ ಬಿನ್ ಮಹಮೂದ್ ಬಡಾವಣೆಯ ಈ ಹಳೇ ಕಟ್ಟಡದಲ್ಲಿ ಅವರದು ಮೇಲಿನ ಮನೆ. ತಾರಸಿಗೆ ಒಂದೇ ಸುತ್ತು ಮೆಟ್ಟಿಲು. ಆದರೆ ಬೀಬಿ ಇದ್ದತ್ ಕೂತಿದ್ದಳು. ಗಂಡ ತೀರಿದವಳು ನಾಲ್ಕು ತಿಂಗಳು ಹತ್ತು ದಿನ ಕಳೆಯುವ ತನಕ ಹೊಸ್ತಿಲು ದಾಟಬಾರದು. ತಾರಸಿಯಲ್ಲಿ ಪಕ್ಕದ ಮನೆಯ ಗಂಡಸರು ಬಟ್ಟೆ ಒಣಗಿಸುತ್ತಾರೆ. ಹೋಗುವ ಮಾತೇ ಇಲ್ಲ.

ಮಗ ಸರ್ಫರಾಝ್ ಬೆಳಿಗ್ಗೆ ಮೇಲೆ ಹೋಗಿ ಬಂದಿದ್ದ. ವಾಸನೆ ಶುರುವಾಗಿದೆ ಎಂದ. ಹಾಲ್‌ನಲ್ಲಿ ಸಾವಿಗೆ ಬಂದ ಜನರಿದ್ದರು. ಅವರು ಎದ್ದ ಮೇಲೆ ಎಲ್ಲವನ್ನೂ ಚೀಲಕ್ಕೆ ತುಂಬಿ ಬಿಸಾಡುತ್ತೇನೆ ಎಂದು ಹೇಳಿದ. ಅವನಿಗೆ ಜಿಮ್ ಹುಚ್ಚು. ಸೂಪರ್ ಮಾರ್ಕೆಟಿನಿಂದ ಪ್ರೋಟೀನ್ ಎಂದು ಬರೆದ ಒಣಮಾಂಸದ ಪ್ಯಾಕೆಟ್ ತಂದು ತಿನ್ನುತ್ತಾನೆ.

"ಒಣಮಾಂಸ ಬೇಕಾದರೆ ನಾನು ತರ್ತೇನೆ ಉಮ್ಮ. ಅದು ಖಲಾಸ್."

"ಪ್ಯಾಕೆಟಿನದ್ದು ಯಾವನೋ ಕೊಯ್ದದ್ದು," ಎಂದಳು ಬೀಬಿ. "ಇದು ನಿನ್ನ ಬಾಪ ಕೊಯ್ದದ್ದು."

ಹೊರಗೆ ಯಾರೋ ಸಲಾಂ ಹೇಳಿದರು, ಅವನು ಆ ಕಡೆ ಹೋದ.

ಪಕೀರಬ್ಬ ಉಳ್ಳಾಲದವನು. ಮೀಸೆ ಚಿಗುರುವ ಮೊದಲೇ ಇಲ್ಲಿನ ದೋಹಾ ಅಲ್ ಜದೀದಾ ಬಡಾವಣೆಯ ಮಾಂಸದ ಅಂಗಡಿಗೆ ಬಂದ. ಮೊಣಕಾಲು ಸೋಲುವ ತನಕ ಅಲ್ಲೇ ನಿಂತ. ಮಾತು ಕಮ್ಮಿ, ಕತ್ತಿ ಚುರುಕು. ನಾರಿನ ಉದ್ದಕ್ಕೆ ಎಳೆ ಎಳೆಯಾಗಿ ಕೊಯ್ದು, ಅರಸಿನ ಉಪ್ಪು ಹಚ್ಚಿ, ಹಳೇ ಸೊಳ್ಳೆಪರದೆಯ ಒಳಗೆ ನೆರಳಲ್ಲಿ ಹಾಕುತ್ತಿದ್ದ. ಊರಲ್ಲಿ ಅವನ ಉಮ್ಮ ಇದನ್ನೇ ಒಲೆಯ ಮೇಲೆ ಹೊಗೆಗೆ ಕಟ್ಟುತ್ತಿದ್ದಳು. ಇಲ್ಲಿ ಆಕಾಶವೇ ಒಲೆ ಎಂದು ಅವನು ನಗುತ್ತಿದ್ದ.

ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಬಿಸ್ಕತ್ತು ಬಿಡಿಸಿದರು. ಹಸಿವಾದರೆ ಪ್ರೋಟೀನ್ ತಿನ್ನಿ ಎಂದರು. ಹಾಗಾದರೆ ನನ್ನ ಉಮ್ಮನೇ ಡಾಕ್ಟರು ಎಂದು ಹೇಳಿ ಬಂದನಂತೆ. ಅಂದಿನಿಂದ ಅವನ ಅಂಗಿಯ ಜೇಬಿನಲ್ಲಿ ಬಿಸ್ಕತ್ತಿನ ಬದಲು ಒಣಮಾಂಸ. ಸಂಜೆ ಚಹಾಕ್ಕೂ ಅದೇ. ಆಮೇಲೆ ಬಿಪಿ ಬಂತು, ಡಾಕ್ಟರು ಉಪ್ಪನ್ನೂ ಕಡಿಮೆ ಮಾಡಿಸಿದರು. ಉಪ್ಪು ಕಡಿಮೆಯಾದ ಮಾಂಸ ಹಸಿ ಗಾಳಿ ತಾಳುವುದಿಲ್ಲ. ಆದರೂ ಹೋದ ವರ್ಷ ಇದೇ ಗಾಳಿಗೆ ಅದು ಕೆಟ್ಟಿರಲಿಲ್ಲ.

ಯಾಕೆ ಕೆಟ್ಟಿರಲಿಲ್ಲ? ಬೀಬಿ ಗಾಜನ್ನು ನೋಡುತ್ತಾ ಕೂತಳು. ಹಾಲ್‌ನಲ್ಲಿ ಜನ ಏಳುವ ಸದ್ದು ಕೇಳಿತು.

ಸೊಸೆ ಶಹನಾ ಗಂಜಿ ತಂದಳು. ಮಂಗಳೂರು ಪೇಟೆಯ ಹುಡುಗಿ. ಆ ತಂತಿಯನ್ನು ಒಂದು ದಿನವೂ ಮುಟ್ಟಿದವಳಲ್ಲ, ಮೂಗು ಮುಚ್ಚಿಕೊಳ್ಳುತ್ತಿದ್ದಳು.

"ಶಹನಾ, ಮಾಮ ತಂತಿ ಎಲ್ಲಿ ಕಟ್ಟಿದ್ದು?"

"ಏಸಿಯ ಹೊರಗಿನ ಮಿಷನ್ ಉಂಟಲ್ಲ ಮಾಮಿ, ಅದರ ಎದುರು. ಬಟ್ಟೆ ಹಾಕುವಾಗ ನೋಡಿದ್ದೆ. ಬಿಸಿ ಗಾಳಿ ಮುಖಕ್ಕೇ ಹೊಡೀತಿತ್ತು."

"ಯಾವ ಏಸಿಯದ್ದು?"

ಶಹನಾ ಮುಚ್ಚಿದ ಕೋಣೆಯ ಕಡೆ ನೋಡಿದಳು. ಹಾಲ್‌ನ ಏಸಿಯ ಮಿಷನ್ ಬಾಲ್ಕನಿಯಲ್ಲಿದೆ. ತಾರಸಿಯಲ್ಲಿ ಇರುವುದು ಪಕೀರಬ್ಬನ ಕೋಣೆಯದ್ದು.

ಆ ಏಸಿಯನ್ನು ನಿನ್ನೆ ಬಂದ್ ಮಾಡಿದ್ದು ಬೀಬಿಯೇ. ಮಯ್ಯತ್ತನ್ನು ಎತ್ತಿಕೊಂಡು ಹೋದ ಮೇಲೂ ಅದು ಗುಂಯ್ ಎನ್ನುತ್ತಿತ್ತು. ಅವನು ಒಳಗೆ ಮಲಗಿದ್ದಾನೆ, ಈಗ ಚಹಾ ಕೇಳುತ್ತಾನೆ ಎನಿಸುತ್ತಿತ್ತು. ತಡೆಯಲಾಗದೆ ಸ್ವಿಚ್ ಒತ್ತಿ, ಬಾಗಿಲಿಗೆ ಚಿಲಕ ಹಾಕಿ ಬಂದಳು. ಆಮೇಲೆ ಆ ಕಡೆ ತಿರುಗಿಲ್ಲ. ಮೇಲೆ ಮಿಷನ್ ನಿಂತಿತು. ಬಿಸಿ ಗಾಳಿ ನಿಂತಿತು.

"ಏಸಿ ನಾನು ಹಾಕಿ ಬರ್ತೇನೆ ಮಾಮಿ. ನೀವು ಕೂತುಕೊಳ್ಳಿ."

"ಬೇಡ. ನೀನು ಮೇಲೆ ಹೋಗು. ತುದಿಯಿಂದ ಒಂದೊಂದೇ ಮೂಸಿ ನೋಡು. ಹುಳಿ ವಾಸನೆ ಬಂದದ್ದನ್ನು ತೆಗೆ. ಉಳಿದದ್ದು ಮಿಷನಿಗೆ ಹತ್ತಿರ ತಾ. ಒಂದರ ಮೇಲೆ ಒಂದು ಬೀಳಬಾರದು."

ಶಹನಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋದಳು.

ಬೀಬಿ ಚಿಲಕ ತೆಗೆದಳು. ಕೋಣೆ ಕಾದ ಹೆಂಚಿನ ಹಾಗಿತ್ತು. ಅವನ ಚಪ್ಪಲಿ ಇರಲಿಲ್ಲ, ಸರ್ಫರಾಝ್ ಎತ್ತಿಟ್ಟಿದ್ದ. ಮಾತ್ರೆಯ ಡಬ್ಬಿಯೂ ಇರಲಿಲ್ಲ. ತಲೆದಿಂಬಿನಲ್ಲಿ ಅವನ ತಲೆಯ ಗುಂಡಿ ಮಾತ್ರ ಇತ್ತು. ಅದನ್ನು ನೋಡದೆ ಸ್ವಿಚ್ ಒತ್ತಿದಳು. ಏನೂ ಆಗಲಿಲ್ಲ. ಕೆಟ್ಟುಹೋಯಿತೇ ಎಂದುಕೊಂಡಳು. ಗೋಡೆಗೆ ಕೈ ಕೊಟ್ಟು ನಿಂತಳು.

ತಡವಾಗಿ ಗುಂಯ್ ಎಂದಿತು.

ಅವಳು ಮಂಚದ ಅಂಚಿನಲ್ಲಿ ಕೂತಳು. ತಂಪು ಕಾಲಿಗೆ ಬಂತು, ಭುಜಕ್ಕೆ ಬಂತು. ಇಲ್ಲಿ ತಂಪಾದಷ್ಟು ಮೇಲೆ ಬಿಸಿ. ಅವನ ಶಾಲು ಹೊದ್ದಳು. ಇಷ್ಟು ಹೊತ್ತು ಬಾರದ ಅಳು ಆಗ ಬಂತು.

ಸರ್ಫರಾಝ್ ಕಪ್ಪು ಚೀಲ ಹಿಡಿದು ಬಂದವನು ಬಾಗಿಲಲ್ಲೇ ನಿಂತ. ಬಾಪನ ಜಾಗದಲ್ಲಿ ಬಾಪನ ಶಾಲು ಹೊದ್ದು ಕೂತ ಉಮ್ಮನನ್ನು ನೋಡಿದ. ಚೀಲ ಮಡಚತೊಡಗಿದ.

"ಮಡಚಬೇಡ," ಎಂದಳು ಬೀಬಿ. "ಹಾಳಾದದ್ದಕ್ಕೆ ಬೇಕಾಗ್ತದೆ."

ಆ ಚೀಲಕ್ಕೆ ಅರ್ಧ ಮಾಂಸ ಹೋಯಿತು. ಶಹನಾ ಕೆಳಗೆ ಬಂದಾಗ ಕೈಯೆಲ್ಲ ಅರಸಿನ. ಉಳಿದದ್ದರಲ್ಲಿ ಒಂದು ಎಳೆ ತಂದು ಅತ್ತೆಯ ಕೈಗೆ ಕೊಟ್ಟಳು. ಬೀಬಿ ಮೂಸಿದಳು. ಅರಸಿನ ಮತ್ತು ಮಾಂಸ, ಬೇರೆ ಏನಿಲ್ಲ. ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದಳು. ಒಣಗಿದ್ದರೆ ಕಟ್ಟೆಂದು ಮುರಿಯಬೇಕು. ಅದು ಬಾಗಿತು, ಮುರಿಯಲಿಲ್ಲ.

"ಎಂತ ಮಾಮಿ? ಆಗ್ತದಾ?"

"ಇನ್ನೂ ಹಸಿ ಉಂಟು. ಏಸಿ ಆರಿಸುವುದು ಬೇಡ. ನಾನು ಇಲ್ಲೇ ಕೂತುಕೊಳ್ತೇನೆ."

ಮಗ ಸೊಸೆ ಇಬ್ಬರೂ ಹೊಸ್ತಿಲಲ್ಲಿ ನಿಂತೇ ಇದ್ದರು.

"ಬಾಗಿಲು ಹಾಕಿ," ಎಂದಳು ಬೀಬಿ. "ತಂಪು ಹೊರಗೆ ಹೋಗ್ತದೆ."