ರಂಗೋಲಿಯೊಳಗಿನ ಕಪ್ಪು ವೈರು

ಬೆಳಿಗ್ಗೆ ಹಾಲಿನ ಪಾಕೀಟು ಒಳಗಿಟ್ಟು, ಅಂಗಳ ಗುಡಿಸಿ, ರಂಗೋಲಿ ಡಬ್ಬಿ ಹಿಡಿದು ಕೂತೆ. ಎಂದಿನಂತೆ ನಟ್ಟನಡುವೆ ಕಪ್ಪು ವೈರು! ಹಾಲ್‌ನ ಪ್ಲಗ್ಗಿನಿಂದ ಹೊರಟು, ಹೊಸ್ತಿಲು ದಾಟಿ, ಗೇಟಿನ ಬಳಿ ನಿಂತ ನಮ್ಮ ಎಲೆಕ್ಟ್ರಿಕ್ ಕಾರಿನವರೆಗೆ.

ದಿನಾ ಪಕ್ಕಕ್ಕೆ ಸರಿದು ರಂಗೋಲಿ ಬಿಡುತ್ತಿದ್ದೆ. ಅವತ್ತೊಂದು ಬುದ್ಧಿವಂತಿಕೆ ಹೊಳೆಯಿತು. ವೈರನ್ನೇ ಬಳ್ಳಿ ಮಾಡಿದರೆ? ಎರಡೂ ಕಡೆ ಎಲೆ, ಹೂವು ಬರೆದೆ. ಮೇಲಿಷ್ಟು ಬಿಳಿ ಪುಡಿ ಉದುರಿಸಿದೆ. ವೈರು ಮಾಯ! (ನಮ್ಮ ಕಾನ್ವೆಂಟಿನ ಡ್ರಾಯಿಂಗ್ ಸಿಸ್ಟರ್ ನೋಡಿದ್ದರೆ 'ವೆರಿ ಗುಡ್' ಕೊಡುತ್ತಿದ್ದರು.)

ಅತ್ತೆ ಹೊರಬಂದರು. ಮಂಡಿನೋವಿದ್ದರೂ ರಂಗೋಲಿ ತುಳಿಯುವವರಲ್ಲ. ಬಳ್ಳಿ ದಾಟಲು ಕಾಲೆತ್ತಿದರು. ಗೆರೆ ದಾಟುವಷ್ಟೇ ಎತ್ತಿದರು. ವೈರು ದಾಟಲು ಅಷ್ಟು ಸಾಲದು, ಎಡವಿದರು! ಕಾರಿನ ಕನ್ನಡಿ ಕೈಗೆ ಸಿಗದಿದ್ದರೆ?

"ಬಿದ್ದಿಲ್ಲ ಬಿಡವ್ವ," ಎಂದರು. ಆದರೆ ಎದುರುಮನೆ ಶಮೀಮಕ್ಕನ ಕಟ್ಟೆಗೆ ಹೋಗಲಿಲ್ಲ. ನಾವು ಈ ವಿನೋಬನಗರಕ್ಕೆ ಬಂದಾಗಿನಿಂದ ಅವರಿಬ್ಬರೂ ಬೆಳಗಿನ ಚಹಾ ಕುಡಿಯುವುದು ಅಲ್ಲೇ. "ಇನ್ಮ್ಯಾಲೆ ನಾನು ಒಳಗೇ ಕೂಡ್ತೀನಿ."

ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಧ್ಯಾಹ್ನ ಅದೇ ಕಾರಿನಲ್ಲಿ ಹರಿಹರಕ್ಕೆ ಹೋದೆ. ಅಲ್ಲಿ ನಮ್ಮಣ್ಣ ಐಟಿಐಯಲ್ಲಿ ಎಲೆಕ್ಟ್ರಿಕಲ್ ಮೇಷ್ಟ್ರು. "ಫೋನಿಗೆ ವೈರ್‌ಲೆಸ್ ಚಾರ್ಜರ್ ಐತಲ್ಲ ಅಣ್ಣ, ಕಾರಿಗ್ಯಾಕಿಲ್ಲ?"

"ಐತೆ. ನೆಲದಾಗೆ ಒಂದು ಪ್ಯಾಡ್, ಕಾರಿನ ಹೊಟ್ಟೆ ಕೆಳಗೆ ಇನ್ನೊಂದು. ನಿಮ್ಮ ಕಾರಿಗಿನ್ನೂ ಬಂದಿಲ್ಲ, ಬಂದ್ರೂ ಸದ್ಯಕ್ಕೆ ದುಬಾರಿ. ಮತ್ತೆ ಕಾರು ಸರಿಯಾಗಿ ಪ್ಯಾಡಿನ ಮ್ಯಾಲೇ ನಿಲ್ಲಬೇಕು. ನಿಮ್ಮೆಜಮಾನ್ರು ನಿಲ್ಲಿಸ್ತಾರಾ?"

(ನಮ್ಮವರ ಪಾರ್ಕಿಂಗ್ ದಿನಕ್ಕೊಂದು ಕೋನ.)

"ಇನ್ನೊಂದು ಮಾತು. ಅದಕ್ಕೂ ವೈರ್ ಇದ್ದೇ ಇರ್ತೈತೆ, ನೆಲದೊಳಗೆ. ಪ್ಯಾಡ್ ಬಂದಾಗ ಬರಲಿ. ನೀನು ಈಗ್ಲೇ ಪೈಪ್ ಹೂಳಿಸಿ, ವೈರ್ ಅದರೊಳಗೆ ಎಳೆಸಿ, ಪ್ಲಗ್ ಪಾಯಿಂಟು ಗೇಟಿನ ಹತ್ರ ಹಾಕ್ಸು."

ಅಷ್ಟೇನಾ! ನಾಳೆ ಬರುವ ತಂತ್ರಜ್ಞಾನದ ಅರ್ಧ ಬುದ್ಧಿಯನ್ನು ಇವತ್ತೇ ಬಳಸಬಹುದಲ್ಲ? ಅಣ್ಣನ ಮನೆಯಿಂದಲೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಭಾನುವಾರ ಬರುತ್ತಾರೆ. ಅಲ್ಲಿಯವರೆಗೆ ಅತ್ತೆ ಒಳಗೆ ಮಲಗಿರುವಾಗಷ್ಟೇ ಚಾರ್ಜಿಂಗ್, ಎದ್ದ ಕೂಡಲೇ ವೈರು ಸುತ್ತಿಡುವುದು.

ಸಂಜೆ ಶಮೀಮಕ್ಕನೇ ಚಹಾ ಹಿಡಿದು ಬಂದರು. ಗೆಳತಿಯಿಲ್ಲದೆ ಬೆಳಗಿನ ಚಹಾ ಗಂಟಲಲ್ಲಿ ಇಳಿದಿರಲಿಲ್ಲವಂತೆ. ಇಬ್ಬರಿಗೂ ಪ್ಯಾಡಿನ ಕಥೆ ಹೇಳಿದೆ.

"ನನ್ನ ಮಗ ಗಾಡಿ ನೆಟ್ಟಗೆ ನಿಲ್ಲಿಸಬೇಕಾ? ಬಂತು ಬಿಡು ಪ್ಯಾಡು!" ಬೆಳಗಿನಿಂದ ಮೊದಲ ಸಲ ಅತ್ತೆ ನಕ್ಕರು.

ಖಾಲಿ ಲೋಟ ಎತ್ತಿಕೊಳ್ಳುತ್ತಾ ಶಮೀಮಕ್ಕ ಅಂದರು: "ಆ ಪ್ಯಾಡಿನ ಮ್ಯಾಲೆ ದಿನಾ ನೀವೇ ಹೊರಗೆ ಬಂದು ರಂಗೋಲಿ ಹಾಕ್ರಿ ಅಕ್ಕಾ. ಅವ್ವನ ರಂಗೋಲಿ ಮ್ಯಾಲೆ ಗಾಲಿ ಹತ್ತಿಸ್ತಾನಾ ಅವನು? ಅದನ್ನ ಗಾಲಿಗಳ ನಡುವೆ ಬಿಟ್ಕೊಂಡು ನೆಟ್ಟಗೆ ನಿಲ್ಲಿಸ್ತಾನೆ!"